ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದಾ? ಬಾಲಪ್ರತಿಭೆಗಳು ದೊಡ್ಡವರಾದಾಗ ಆಗುವುದೇನು

ಅಷ್ಟಮಿ ಹತ್ತಿರ ಬಂದರೆ ಉಡುಪಿಯಲ್ಲಿ ಎತ್ತ ತಿರುಗಿದರೂ ಪುಟಾಣಿ ಕೃಷ್ಣರು. ಮುದ್ದುಕೃಷ್ಣ ಸ್ಪರ್ಧೆ, ಕೃಷ್ಣಮಠದ ರಾಜಾಂಗಣದಲ್ಲಿ ಮಕ್ಕಳ ಹಾಡು ಕುಣಿತ, ಪತ್ರಿಕೆಯ ಸ್ಥಳೀಯ ಪುಟದಲ್ಲಿ ಹತ್ತಾರು ದೇಶಗಳ ಧ್ವಜ ಗುರುತಿಸಿ ದಾಖಲೆ ಪುಸ್ತಕ ಸೇರಿದ ಎರಡೂವರೆ ವರ್ಷದ ಮಗುವಿನ ಫೋಟೊ. ಈ ಸಡಗರದ ನಡುವೆ ನಮ್ಮ ಕೆಳಗಿನ ಮನೆಯ ಅಕ್ಕ ಮೆಟ್ಟಿಲಲ್ಲಿ ತಡೆದು ನಿಲ್ಲಿಸಿದರು. "ನಾಲ್ಕನೇ ಕ್ಲಾಸಿನಲ್ಲಿ ಟೀವಿಯಲ್ಲಿ ಹಾಡಿದ ಹುಡುಗ ಮಾರಾಯ್ರೆ. ಆಗ ವಾರಕ್ಕೆ ಎರಡು ಪ್ರೋಗ್ರಾಮು. ಈಗ ಒಂಬತ್ತನೇ ಕ್ಲಾಸು, ಅಷ್ಟಮಿಗೂ ಒಬ್ಬರು ಕರೆಯಲಿಲ್ಲ. ಇದ್ದದ್ದೆಲ್ಲ ಎಲ್ಲಿಗೆ ಹೋಯ್ತು?"

ಮೆಟ್ಟಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅದಲ್ಲ. ಮಕ್ಕಳ ಪ್ರತಿಭೆಯ ಬಗ್ಗೆ ನೂರು ವರ್ಷಗಳಿಂದ ಅಧ್ಯಯನ ನಡೆದಿದೆ. ಅದರಲ್ಲಿ ಗೊತ್ತಾದದ್ದನ್ನು ಬುಡದಿಂದ ಹೇಳುತ್ತೇನೆ. ನನಗೂ ಇದರಲ್ಲಿ ಸಣ್ಣ ಸ್ವಾರ್ಥ ಉಂಟು. ಏಳನೇ ವಯಸ್ಸಿನಲ್ಲಿ ಮೂವತ್ತರವರೆಗಿನ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸಿ ಸ್ಟೀಲಿನ ಬಟ್ಟಲು ಗೆದ್ದವನು ನಾನು. ಈಗ ಜಿಎಸ್‌ಟಿ ಲೆಕ್ಕ ಬರೆಯುವ ಕೆಲಸ. ಕ್ಯಾಲ್ಕುಲೇಟರ್ ಕೈಗೆಟಕುವ ಹಾಗೆ ಪಕ್ಕದಲ್ಲೇ ಇರುತ್ತದೆ.

ಚೂಟಿ ಮಗು ಬೇರೆ, ಬಾಲಪ್ರತಿಭೆ ಬೇರೆ

ನಾವು ಈ ಪದವನ್ನು ಧಾರಾಳವಾಗಿ ಬಳಸುತ್ತೇವೆ, ಮನಃಶಾಸ್ತ್ರಜ್ಞರು ಜಿಪುಣತನದಿಂದ ಬಳಸುತ್ತಾರೆ. ಅಮೆರಿಕದ ಡೇವಿಡ್ ಹೆನ್ರಿ ಫೆಲ್ಡ್‌ಮನ್ 1980ರ ದಶಕದಲ್ಲಿ ಚಾಲ್ತಿಗೆ ತಂದ ಅರ್ಥ ಹೀಗೆ: ಹತ್ತು ವರ್ಷ ತುಂಬುವ ಮೊದಲೇ, ಕಷ್ಟದ ಒಂದು ವಿದ್ಯೆಯಲ್ಲಿ, ಅದನ್ನೇ ವೃತ್ತಿ ಮಾಡಿಕೊಂಡ ದೊಡ್ಡವರ ಸಮಕ್ಕೆ ನಿಲ್ಲುವ ಮಗು ಬಾಲಪ್ರತಿಭೆ. ಈ ಜರಡಿಯಲ್ಲಿ ಹಿಡಿದರೆ ಕ್ಲಾಸಿಗೆ ಮೊದಲು ಬರುವ ಮಗು ಕೆಳಗೆ ಬೀಳುತ್ತದೆ. ಧ್ವಜ ಗುರುತಿಸುವ ಮಗುವೂ ಬೀಳುತ್ತದೆ. ಎರಡು ವರ್ಷದ ಆಸುಪಾಸಿನಲ್ಲಿ ಎಲ್ಲ ಮಕ್ಕಳೂ ಹೆಸರುಗಳನ್ನು ಬಾಚಿ ಬಾಚಿ ತುಂಬಿಕೊಳ್ಳುತ್ತವೆ. ಕಾಗೆ, ಬಸ್ಸು, ದೋಸೆ ಎಂದು ಕಲಿಯುವ ಅದೇ ಶಕ್ತಿಯ ಮುಂದೆ ದಿನಾ ಧ್ವಜದ ಚಿತ್ರ ಹಿಡಿದರೆ ಅದು ಧ್ವಜ ಕಲಿಯುತ್ತದೆ. ಮಗುವಿನ ಚುರುಕು ಸುಳ್ಳಲ್ಲ, ಅಪ್ಪ ಅಮ್ಮನ ಶ್ರಮವೂ ಸುಳ್ಳಲ್ಲ. ಆದರೆ ಆ ಸರ್ಟಿಫಿಕೇಟು ಇಪ್ಪತ್ತನೇ ವರ್ಷದ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಿಜವಾದ ಬಾಲಪ್ರತಿಭೆಗಳಲ್ಲಿ ವಿಶೇಷವಾಗಿ ಕಾಣುವುದು ಏನು? 2012ರಲ್ಲಿ ಜೊವಾನ್ ರುತ್‌ಸಾಟ್ಜ್ ಎಂಬ ಸಂಶೋಧಕಿ ಅಂಥ ಎಂಟು ಮಂದಿಯನ್ನು ಪರೀಕ್ಷಿಸಿದರು. ಅವರ ಬುದ್ಧಿಸೂಚ್ಯಂಕ, ಅಂದರೆ ಐಕ್ಯೂ, ಎಲ್ಲರದ್ದೂ ಆಕಾಶಕ್ಕೆ ಮುಟ್ಟಿರಲಿಲ್ಲ. ಒಬ್ಬರದ್ದು 108 ಮಾತ್ರ, ಸಾಮಾನ್ಯರ ಸರಾಸರಿ 100. ಎಲ್ಲರಲ್ಲೂ ಬೆರಗು ಹುಟ್ಟಿಸುವಷ್ಟು ಇದ್ದದ್ದು ತಕ್ಷಣದ ನೆನಪು. ಕೇಳಿದ್ದನ್ನು ತಲೆಯಲ್ಲಿ ಹಿಡಿದುಕೊಂಡೇ ಅದರ ಮೇಲೆ ಕೆಲಸ ಮಾಡುವ ಶಕ್ತಿ ಇದು. ಹಳೆಯ ಹೋಟೆಲಿನ ಸಪ್ಲೈಯರ್ ಚೀಟಿ ಪೆನ್ನು ಇಲ್ಲದೆ "ಆ ಮೂಲೆಗೆ ಎರಡು ಮಸಾಲೆ, ಇಲ್ಲಿ ಒಂದು ಪ್ಲೇಟ್ ಗೋಳಿಬಜೆ, ಮೂರು ಕಾಫಿ, ಅದರಲ್ಲಿ ಒಂದು ಸಕ್ಕರೆ ಇಲ್ಲದ್ದು" ಎಂದು ಆರು ಟೇಬಲನ್ನು ತಲೆಯಲ್ಲೇ ಇಟ್ಟುಕೊಂಡು ಬಿಲ್ಲನ್ನೂ ಕೂಡಿಸುತ್ತಾನಲ್ಲ, ಆ ಶಕ್ತಿ.

ಇನ್ನೊಂದು ಸಂಗತಿ: ಬಾಲಪ್ರತಿಭೆಗಳು ಹುಟ್ಟುವ ಗದ್ದೆಗಳು ಕೆಲವೇ. ಸಂಗೀತ, ಚೆಸ್, ಗಣಿತ, ಅಪರೂಪಕ್ಕೆ ಚಿತ್ರಕಲೆ. ಎಂಟು ವರ್ಷದ ವಕೀಲರನ್ನೋ ಒಂಬತ್ತು ವರ್ಷದ ಕಾದಂಬರಿಕಾರರನ್ನೋ ನಾವು ನೋಡುವುದಿಲ್ಲ. ಕಾರಣ ಸರಳ. ಚೆನ್ನೆಮಣೆಯಲ್ಲಿ ಮೊಮ್ಮಗಳು ಅಜ್ಜಿಯನ್ನು ಸೋಲಿಸಬಹುದು, ಏಕೆಂದರೆ ಬೇಕಾದದ್ದೆಲ್ಲ ಆ ಮಣೆಯ ಗುಳಿಗಳ ಒಳಗೇ ಇದೆ. ಅದೇ ಮೊಮ್ಮಗಳು ಮನೆಯ ಆಸ್ತಿ ಪಾಲು ಮಾಡಿಸಲಾರಳು. ಅದಕ್ಕೆ ಯಾವ ಚಿಕ್ಕಪ್ಪ ಯಾವಾಗ ಮಾತು ಬಿಟ್ಟದ್ದು ಎಂಬುದೆಲ್ಲ ಗೊತ್ತಿರಬೇಕು. ನಿಯಮಗಳು ಮುಚ್ಚಿದ ಪೆಟ್ಟಿಗೆಯಂತಿರುವ ವಿದ್ಯೆಗಳಲ್ಲಿ ಮಕ್ಕಳು ದೂರ ಓಡಬಲ್ಲರು. ಬದುಕಿ ಕಲಿಯಬೇಕಾದದ್ದರಲ್ಲಿ ಓಟ ಇಲ್ಲ.

ವಯಸ್ಸಿನಿಂದ ಭಾಗಿಸುವ ಲೆಕ್ಕ

ಪ್ರತಿಭೆ "ಕಳೆದುಹೋಗುವ" ಮೊದಲ ಕಾರಣ ನನ್ನಂಥ ಲೆಕ್ಕದವರಿಗೆ ಇಷ್ಟವಾಗುವಂಥದ್ದು. ಅದು ಬರೀ ಅಂಕಗಣಿತ.

ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಬುದ್ಧಿಸೂಚ್ಯಂಕದ ಕಲ್ಪನೆ ಕೊಟ್ಟಾಗ ಅದು ಒಂದು ಭಾಗಾಕಾರವಾಗಿತ್ತು: ಮಗುವಿನ ಬೌದ್ಧಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವುದು. ಆಮೇಲೆ ಅದನ್ನು ನೂರರಿಂದ ಗುಣಿಸುವ ರೂಢಿ ಬಂತು. ಐದು ವರ್ಷದ ಮಗು ಹತ್ತು ವರ್ಷದವರ ಲೆಕ್ಕ ಬಿಡಿಸಿದರೆ 200. ಅದೇ ಮಗು ಹತ್ತನೇ ವರ್ಷದಲ್ಲಿ ಹದಿನೈದರವರ ಲೆಕ್ಕ ಬಿಡಿಸಿದರೆ 150. ಗಮನಿಸಿ, ಮಗು ಐದು ವರ್ಷದಲ್ಲಿ ಐದು ವರ್ಷದಷ್ಟು ಮುಂದೆ ಹೋಗಿದೆ, ಒಂದು ಹೆಜ್ಜೆಯೂ ಹಿಂದೆ ಇಟ್ಟಿಲ್ಲ. ಕೆಳಗಿನ ಅಂಕಿ ದೊಡ್ಡದಾದ್ದರಿಂದ ಉತ್ತರ ಸಣ್ಣದಾಯಿತು, ಅಷ್ಟೇ. ಇಪ್ಪತ್ತರ ಹುಡುಗ ನಲವತ್ತರವರಷ್ಟು ಜಾಣ ಎನ್ನುವುದಕ್ಕಂತೂ ಅರ್ಥವೇ ಇಲ್ಲ. ಹಾಗಾಗಿ ಈಗಿನ ಪರೀಕ್ಷೆಗಳು ಈ ಭಾಗಾಕಾರವನ್ನು ಬಿಟ್ಟು ಓರಗೆಯವರ ಜೊತೆ ಹೋಲಿಸುತ್ತವೆ. ಜನ ಮಾತ್ರ ಇನ್ನೂ ಭಾಗಿಸುತ್ತಲೇ ಇದ್ದಾರೆ. "ಇಷ್ಟು ಸಣ್ಣ ಪ್ರಾಯಕ್ಕೆ!" ಎಂಬ ಉದ್ಗಾರದಲ್ಲಿರುವುದು ಅದೇ.

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಉಡುಪಿಗೆ ಎರಡು ಬಸ್ಸು ಹೊರಡುತ್ತವೆ ಎಂದುಕೊಳ್ಳಿ, ಒಂದು ಇಪ್ಪತ್ತು ನಿಮಿಷ ಮೊದಲು. ಹಿಂದಿನ ಬಸ್ಸು ಸುರತ್ಕಲ್‌ನಲ್ಲಿರುವಾಗ ಇದು ಮೂಲ್ಕಿ ದಾಟಿರುತ್ತದೆ. ನೋಡಿದವರು ಇದು ಉಡುಪಿಯನ್ನೂ ದಾಟಿ ಕುಂದಾಪುರಕ್ಕೇ ಹೋಗುವ ಬಸ್ಸು ಎನ್ನಬಹುದು. ಬೇಗ ಹೊರಟದ್ದಕ್ಕೂ ದೂರ ಹೋಗುವುದಕ್ಕೂ ಸಂಬಂಧ ಇರಲೂಬಹುದು, ಇರದೆಯೂ ಇರಬಹುದು. ಮೂಲ್ಕಿಯಲ್ಲಿ ನಿಂತು ನೋಡಿದರೆ ಗೊತ್ತಾಗುವುದಿಲ್ಲ.

ಕ್ಲಾಸಿನೊಳಗೂ ಇದೇ ಆಟ. ಒಂದೇ ಬೆಂಚಿನಲ್ಲಿ ಜೂನ್‌ನಲ್ಲಿ ಹುಟ್ಟಿದ ಮಗು ಮತ್ತು ಮರುವರ್ಷದ ಮೇ ತಿಂಗಳಲ್ಲಿ ಹುಟ್ಟಿದ ಮಗು ಕುಳಿತಿರುತ್ತವೆ. ಆರು ವರ್ಷಕ್ಕೆ ಹನ್ನೊಂದು ತಿಂಗಳು ಎಂದರೆ ಬದುಕಿದ್ದರಲ್ಲಿ ಆರನೇ ಒಂದು ಪಾಲು. ದೊಡ್ಡದು ಚುರುಕಾಗಿ ಓದುತ್ತದೆ, ಟೀಚರ್ ಭಾಷಣಕ್ಕೆ ಅದನ್ನೇ ನಿಲ್ಲಿಸುತ್ತಾರೆ. ಹತ್ತನೇ ಕ್ಲಾಸಿಗೆ ಬರುವಾಗ ಆ ಹನ್ನೊಂದು ತಿಂಗಳು ಕರಗಿರುತ್ತದೆ. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿರುವುದನ್ನು 1980ರ ದಶಕದಲ್ಲಿ ರೋಜರ್ ಬಾರ್ನ್‌ಸ್ಲಿ ಗುರುತಿಸಿದ್ದರು. ಅಲ್ಲಿ ಮಕ್ಕಳ ವಯಸ್ಸಿನ ಗುಂಪು ಜನವರಿ 1ರಿಂದ ಶುರುವಾಗುತ್ತದೆ.

ಬರೆದುಕೊಟ್ಟ ಅರ್ಥ, ಹುಟ್ಟಿಸಿಕೊಂಡ ಅರ್ಥ

ಎರಡನೆಯ ಕಾರಣ ಇದಕ್ಕಿಂತ ಆಳದ್ದು. ಮಗುವಿಗೆ ಕೇಳುವ ಪ್ರಶ್ನೆ ಒಂದು, ದೊಡ್ಡವರಿಗೆ ಕೇಳುವುದೇ ಇನ್ನೊಂದು.

ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿದವರಿಗೆ ಇದನ್ನು ವಿವರಿಸುವುದು ಸುಲಭ. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಅರ್ಥ, ಅಂದರೆ ಪಾತ್ರ ಆಡುವ ಮಾತು, ಬರೆದುಕೊಡುತ್ತಾರೆ. ಭಾಗವತರ ಪದ್ಯ ಮುಗಿದ ಕೂಡಲೇ ಹತ್ತು ವರ್ಷದ ಅಭಿಮನ್ಯು ಒಂದಕ್ಷರ ತಪ್ಪದೆ ಗಂಭೀರವಾಗಿ ಮಾತಾಡುತ್ತಾನೆ, ಸಭೆಯೆಲ್ಲ ಚಪ್ಪಾಳೆ. ಹದಿನೈದು ವರ್ಷ ಬಿಟ್ಟು ಅವನು ದೊಡ್ಡವರ ಕೂಟದಲ್ಲಿ ಕುಳಿತುಕೊಳ್ಳುತ್ತಾನೆ. ಅಲ್ಲಿ ಕೈಯಲ್ಲಿ ಕಾಗದ ಇಲ್ಲ. ಪದ್ಯ ಮಾತ್ರ ಉಂಟು, ಮಾತು ಆಗಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಎದುರು ಕುಳಿತು ಯಾರೂ ಊಹಿಸದ ಕಡೆಯಿಂದ ಒಂದು ಪ್ರಶ್ನೆ ಎಸೆದರೆ ಬಾಯಿಪಾಠ ಯಾವ ಉಪಯೋಗಕ್ಕೆ ಬಂದೀತು? ಆ ಹುಡುಗನ ನೆನಪಿನ ಶಕ್ತಿ ಹಾಗೇ ಇದೆ. ಬೇಡಿಕೆ ಬದಲಾಗಿದೆ.

ಪ್ರತಿಭಾವಂತ ಮಕ್ಕಳನ್ನು ದಶಕಗಳ ಕಾಲ ಅಭ್ಯಸಿಸಿದ ಎಲೆನ್ ವಿನರ್ ಹೇಳುವುದು ಇದನ್ನೇ. ಈಗಾಗಲೇ ಇರುವ ವಿದ್ಯೆಯನ್ನು ಬೇಗ ಮತ್ತು ಅಚ್ಚುಕಟ್ಟಾಗಿ ಕರಗತ ಮಾಡಿಕೊಳ್ಳುವುದು ಬಾಲಪ್ರತಿಭೆಯ ಕೆಲಸ. ಆ ವಿದ್ಯೆಗೆ ಹೊಸದೇನನ್ನಾದರೂ ಸೇರಿಸುವುದು ದೊಡ್ಡ ಸಾಧಕರ ಕೆಲಸ. ಮೊದಲನೆಯದರಿಂದ ಎರಡನೆಯದಕ್ಕೆ ತಾನಾಗಿಯೇ ದಾರಿ ತೆರೆಯುವುದಿಲ್ಲ, ಹೆಚ್ಚಿನವರು ಆ ಹೊಳೆಯ ಈಚೆ ದಡದಲ್ಲೇ ಉಳಿಯುತ್ತಾರೆ.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ ಎಳೆ ವಯಸ್ಸಿನಿಂದಲೇ ಲೆಕ್ಕದಲ್ಲಿ ಹೆಸರು ಮಾಡಿದವರು. 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಅವರ ಶಕ್ತಿ ದೊಡ್ಡವರಾದ ಮೇಲೂ ಬಾಡಲಿಲ್ಲ. ಆದರೂ ಗಣಿತಜ್ಞರ ಕೆಲಸ ಬೇರೆ, ಅದು ಹೊಸ ಪ್ರಮೇಯ ಹುಡುಕುವುದು. ಅಂಥ ಪ್ರಮೇಯಗಳನ್ನು ಹುಡುಕಿದ ರಾಮಾನುಜನ್ ಕಾಲೇಜಿನ ಎಫ್.ಎ. (ಈಗಿನ ಪಿಯುಸಿಯಂಥ) ಪರೀಕ್ಷೆಯಲ್ಲಿ ಪಾಸಾಗಲೇ ಇಲ್ಲ, ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ಬಿದ್ದುಬಿಟ್ಟರು. ಒಂದೇ ಪದದಿಂದ ಇಬ್ಬರನ್ನೂ ಕರೆಯುವ ನಾವು ಎರಡು ವಿದ್ಯೆಗಳನ್ನು ಒಂದು ಮಾಡಿಬಿಡುತ್ತೇವೆ.

ಒಂದು ಕಡೆಯ ಅಳತೆಯನ್ನು ಇನ್ನೊಂದು ಕಡೆಗೆ ಒಯ್ಯುವ ಆಸೆ ನಮ್ಮೂರಿಗೆ ಹೊಸತಲ್ಲ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೆಸರಿನ ಓಟದ ಜಾಡನ್ನು) 13.62 ಸೆಕೆಂಡಿನಲ್ಲಿ ಓಡಿದಾಗ ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಎಂದರು, ಉಸೇನ್ ಬೋಲ್ಟ್ ಹೆಸರು ಬಂತು, ಕೇಂದ್ರ ಸಚಿವರೇ ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆದರು. ಕೆಸರಿನ ಕರೆಯ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಹೇಳಿ ಗೌಡರು ಟ್ರಯಲ್ಸ್‌ಗೆ ಒಪ್ಪಲಿಲ್ಲ. ಅವರು ಬಾಲಕ ಅಲ್ಲ ಬಿಡಿ, ಇಪ್ಪತ್ತೆಂಟರ ಆಳು. ಅದಕ್ಕೇ ಇರಬೇಕು, ತನಗೆ ಏನು ಗೊತ್ತು ಏನು ಗೊತ್ತಿಲ್ಲ ಎಂಬುದು ಅವರಿಗೆ ಸ್ಪಷ್ಟವಿತ್ತು. ಹತ್ತು ವರ್ಷದ ಹುಡುಗನಿಗೆ ಹಾಗೆ ಹೇಳುವ ಸ್ವಾತಂತ್ರ್ಯ ಯಾರು ಕೊಡುತ್ತಾರೆ?

ಹಾರ್ವರ್ಡ್‌ನ ಇಬ್ಬರು ಹುಡುಗರು

ಈ ವಿಷಯದಲ್ಲಿ ಮತ್ತೆ ಮತ್ತೆ ಬರುವ ಹೆಸರು ವಿಲಿಯಂ ಜೇಮ್ಸ್ ಸೈಡಿಸ್. 1898ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ. ತಂದೆ ಬೋರಿಸ್ ಸೈಡಿಸ್ ಮನಃಶಾಸ್ತ್ರಜ್ಞ, ಮಕ್ಕಳನ್ನು ತೊಟ್ಟಿಲಿನಿಂದಲೇ ಹೀಗೆ ತಯಾರು ಮಾಡಬಹುದು ಎಂದು ನಂಬಿದವನು, ನಂಬಿದ್ದನ್ನು ಬರೆದು ಸಾರಿದವನು. ಮಗ 1909ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಹಾರ್ವರ್ಡ್ ಸೇರಿದ. ಮುಂದಿನ ಜನವರಿಯಲ್ಲಿ ಅಲ್ಲಿನ ಗಣಿತ ಸಂಘದ ಮುಂದೆ ನಾಲ್ಕು ಆಯಾಮದ ಆಕೃತಿಗಳ ಬಗ್ಗೆ ಉಪನ್ಯಾಸ ಮಾಡಿದ. ಮರುದಿನದಿಂದ ಪತ್ರಿಕೆಗಳು ಅವನನ್ನು ಬಿಡಲಿಲ್ಲ.

1914ರಲ್ಲಿ ಪದವಿ. ಆಮೇಲೆ ಹ್ಯೂಸ್ಟನ್ನಿನಲ್ಲಿ ತನಗಿಂತ ದೊಡ್ಡ ಪ್ರಾಯದವರಿಗೆ ಗಣಿತ ಕಲಿಸಿದ, ನಿಲ್ಲಲಾಗಲಿಲ್ಲ. ಕಾನೂನು ಓದಿದ, ಮುಗಿಸಲಿಲ್ಲ. 1919ರ ಮೇ ದಿನದ ಮೆರವಣಿಗೆಯಲ್ಲಿ ಬಂಧನವಾಯಿತು. ಕೊನೆಗೆ ಅವನು ಆರಿಸಿಕೊಂಡದ್ದು ಆಫೀಸುಗಳಲ್ಲಿ ಕೂಡಿಸುವ ಯಂತ್ರ ಒತ್ತುವ ಕೆಲಸ. ಹಳಬರು ಯಾರಾದರೂ ಗುರುತು ಹಿಡಿದರೆ ಆ ಕೆಲಸ ಬಿಟ್ಟು ಇನ್ನೊಂದು ಹುಡುಕುತ್ತಿದ್ದ. ಅವನಿಗೆ ನಿಜವಾಗಿ ಪ್ರಿಯವಾಗಿದ್ದ ವಸ್ತು ಟ್ರಾಮಿನ ಟ್ರಾನ್ಸ್‌ಫರ್ ಚೀಟಿ, ಅಂದರೆ ಒಂದು ಟ್ರಾಮಿನಿಂದ ಇಳಿದು ಇನ್ನೊಂದಕ್ಕೆ ಹತ್ತುವಾಗ ಕೊಡುವ ತುಂಡು ಕಾಗದ. ಸಾವಿರಗಟ್ಟಲೆ ಕೂಡಿಟ್ಟ. 1926ರಲ್ಲಿ ಅದರ ಮೇಲೆಯೇ, ಸುಳ್ಳು ಹೆಸರಿನಲ್ಲಿ, ಇಡೀ ಒಂದು ಪುಸ್ತಕ ಬರೆದ. 1937ರಲ್ಲಿ ಒಂದು ದೊಡ್ಡ ಪತ್ರಿಕೆ ಅವನ ಬಾಡಿಗೆ ಕೋಣೆಯವರೆಗೂ ಹುಡುಕಿಕೊಂಡು ಹೋಗಿ "ಆಗ ಹೇಗಿದ್ದವನು ಈಗ ಹೇಗಾದ ನೋಡಿ" ಎಂಬ ಧಾಟಿಯಲ್ಲಿ ಬರೆಯಿತು. ಖಾಸಗಿ ಬದುಕಿಗೆ ಧಕ್ಕೆ ಎಂದು ಅವನು ಮೊಕದ್ದಮೆ ಹೂಡಿದ. 1940ರಲ್ಲಿ ನ್ಯಾಯಾಲಯ, ಒಮ್ಮೆ ಸಾರ್ವಜನಿಕ ವ್ಯಕ್ತಿಯಾದವನ ಬಗ್ಗೆ ತಿಳಿಯುವ ಆಸಕ್ತಿ ಜನರಿಗೆ ಇರುತ್ತದೆ ಎಂದು ಪತ್ರಿಕೆಯ ಪರ ನಿಂತಿತು. ಹನ್ನೊಂದನೇ ವಯಸ್ಸಿನ ಪ್ರಸಿದ್ಧಿಗೆ ನಲವತ್ತರಲ್ಲೂ ಸುಂಕ. 1944ರಲ್ಲಿ, 46ನೇ ವಯಸ್ಸಿನಲ್ಲಿ, ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ.

ಅದೇ 1909ರಲ್ಲಿ ಹಾರ್ವರ್ಡ್‌ಗೆ ಇನ್ನೊಬ್ಬ ಹುಡುಗ ಬಂದಿದ್ದ. ಹದಿನಾಲ್ಕಕ್ಕೆ ಪದವಿ ಮುಗಿಸಿದ ನಾರ್ಬರ್ಟ್ ವೀನರ್. ಅವನ ತಂದೆಯೂ ಮನೆಯಲ್ಲೇ ಕಲಿಸಿದವನು, ಅವನೂ ಪತ್ರಿಕೆಯಲ್ಲಿ, ಮಗನಲ್ಲಿ ವಿಶೇಷವೇನಿಲ್ಲ, ಎಲ್ಲ ನನ್ನ ತರಬೇತಿಯ ಫಲ ಎಂದು ಬರೆದವನು. ಗೆದ್ದರೆ ಅಪ್ಪನದ್ದು, ಸೋತರೆ ತನ್ನದು ಎಂಬ ಆ ನೋವನ್ನು ವೀನರ್ ದೊಡ್ಡವನಾದ ಮೇಲೆ ಬರೆದುಕೊಂಡಿದ್ದಾರೆ. ಆದರೆ ವೀನರ್ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು ಸಣ್ಣ ಸೋಲು. ಹಾರ್ವರ್ಡ್‌ನಲ್ಲಿ ಅವನು ಮೊದಲು ಸೇರಿದ್ದು ಪ್ರಾಣಿಶಾಸ್ತ್ರಕ್ಕೆ. ಕಣ್ಣು ಮಂದ, ಕೈ ಒರಟು, ಪ್ರಯೋಗಾಲಯದ ಕೆಲಸ ಆಗಲೇ ಇಲ್ಲ. ಬಿಟ್ಟು ತತ್ತ್ವಶಾಸ್ತ್ರಕ್ಕೆ ಹೋದ, ಅಲ್ಲಿಂದ ಗಣಿತಕ್ಕೆ. ಹದಿನೆಂಟಕ್ಕೆ ಡಾಕ್ಟರೇಟ್, ಮುಂದೆ ಎಂಐಟಿಯಲ್ಲಿ ಪ್ರಾಧ್ಯಾಪಕ. 1948ರಲ್ಲಿ ಅವರು ಸೈಬರ್ನೆಟಿಕ್ಸ್ ಎಂಬ, ಯಂತ್ರಗಳಲ್ಲೂ ಜೀವಿಗಳಲ್ಲೂ ನಿಯಂತ್ರಣ ಹೇಗೆ ನಡೆಯುತ್ತದೆ ಎಂದು ನೋಡುವ ಹೊಸ ಶಾಸ್ತ್ರಕ್ಕೇ ಹೆಸರಿಟ್ಟರು. ಇಬ್ಬರು ಹುಡುಗರೂ ತಪ್ಪು ದಾರಿ ಹಿಡಿದು ವಾಪಸು ಬಂದವರೇ. ಒಬ್ಬನ ತಪ್ಪು ಮರುದಿನದ ಪೇಪರಿನಲ್ಲಿ ಬರುತ್ತಿತ್ತು.

ಸಂಗೀತಗಾರ ಮೊಜಾರ್ಟ್‌ಗಿಂತ ನಾಲ್ಕೂವರೆ ವರ್ಷ ದೊಡ್ಡವಳಾದ ಅಕ್ಕ ನಾನೆರ್ಲ್ ಕೂಡ ಬಾಲಪ್ರತಿಭೆಯೇ, ಇಬ್ಬರೂ ಒಟ್ಟಿಗೆ ಯುರೋಪಿನ ಅರಮನೆಗಳಲ್ಲಿ ನುಡಿಸಿದವರು. ಮದುವೆಯ ವಯಸ್ಸು ಬಂತೆಂದು ಅವಳ ಪ್ರವಾಸ ನಿಂತಿತು. ಆ ಪ್ರತಿಭೆ ತಾನಾಗಿ ಆರಿಹೋದದ್ದಲ್ಲ.

ಹೊಗಳಿಕೆ ಮಾಡುವ ಕೆಲಸ

1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ ಪ್ರಕಟಿಸಿದ ಪ್ರಯೋಗ ಇದು. ಐದನೇ ಕ್ಲಾಸಿನ ಮಕ್ಕಳಿಗೆ ಸುಲಭದ ಒಗಟು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ "ನೀನು ತುಂಬಾ ಬುದ್ಧಿವಂತ" ಎಂದರು, ಕೆಲವರಿಗೆ "ಚೆನ್ನಾಗಿ ಕಷ್ಟಪಟ್ಟೆ" ಎಂದರು. ಒಂದೇ ವಾಕ್ಯದ ವ್ಯತ್ಯಾಸ. ಮುಂದೆ ಯಾವುದು ಬೇಕು ಎಂದು ಕೇಳಿದಾಗ ಬುದ್ಧಿವಂತ ಎನಿಸಿಕೊಂಡವರಲ್ಲಿ ಹೆಚ್ಚಿನವರು ಸುಲಭದ್ದನ್ನೇ ಆರಿಸಿದರು. ನಡುವೆ ಬೇಕೆಂದೇ ಕಷ್ಟದ ಒಗಟು ಕೊಟ್ಟು ಸೋಲಿಸಿ, ಮತ್ತೆ ಸುಲಭದ್ದು ಕೊಟ್ಟಾಗ ಅವರ ಅಂಕ ಮೊದಲಿಗಿಂತ ಇಳಿಯಿತು. ಅಂಕ ಎಷ್ಟು ಬಂತು ಎಂದು ಬರೆಯಲು ಹೇಳಿದರೆ ಹತ್ತರಲ್ಲಿ ನಾಲ್ವರ ಹತ್ತಿರ ಸುಳ್ಳು ಬರೆದರು.

ಬಾಲಪ್ರತಿಭೆ ಎಂಬ ಪಟ್ಟ ಆ ವಾಕ್ಯವನ್ನು ವರ್ಷಗಟ್ಟಲೆ, ಊರಿನ ಬಾಯಲ್ಲಿ, ಹೇಳಿಸಿದ ಹಾಗೆ. ಅಂಥ ಮಗುವಿಗೆ ಹನ್ನೆರಡು ಹದಿಮೂರರವರೆಗೆ ಯಾವುದೂ ಕಷ್ಟವಾಗಿರುವುದಿಲ್ಲ. ಮೊದಲ ಕಷ್ಟ ಎದುರಾದಾಗ ಉಳಿದವರು "ಇದು ಕಷ್ಟದ ಪಾಠ" ಎಂದುಕೊಳ್ಳುತ್ತಾರೆ, ಇವನು "ನಾನು ಬುದ್ಧಿವಂತ ಅಲ್ಲವೇನೋ" ಎಂದುಕೊಳ್ಳುತ್ತಾನೆ. ಕುಳಿತು ಓದುವ ಅಭ್ಯಾಸ ಬೇರೆ ಬಂದಿರುವುದಿಲ್ಲ. ಪಿಯುಸಿ ಸೈನ್ಸಿಗೆ ಹೋದ ಮೊದಲ ಆರು ತಿಂಗಳಲ್ಲಿ ನನ್ನ ಮಗ್ಗಿಯ ಗತಿ ಏನಾಯಿತು ಎಂದು ಇಲ್ಲಿ ಬರೆಯುವುದಿಲ್ಲ.

ಗಣಿತಜ್ಞ ಟೆರೆನ್ಸ್ ಟಾವ್ ಹೆಸರು ಕೇಳಿರಬಹುದು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ 1986ರಲ್ಲಿ, ಹತ್ತು ತುಂಬಿದಾಗಲೇ, ಕಂಚು, 1988ರಲ್ಲಿ ಚಿನ್ನ. ಆ ಮನುಷ್ಯನೂ ಪ್ರಿನ್ಸ್‌ಟನ್‌ನಲ್ಲಿ ಡಾಕ್ಟರೇಟಿಗೆ ಮೊದಲಿನ ಮೌಖಿಕ ಪರೀಕ್ಷೆಯನ್ನು ಸರಿಯಾಗಿ ಓದದೆ ಹೋಗಿ, ಕಷ್ಟದಲ್ಲಿ ಪಾಸಾದವರು. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಓದುವ ರೀತಿ ಬದಲಿಸಿದರು. 2006ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಬಂತು.

ನಿಜಕ್ಕೂ ಎಷ್ಟು ಮಂದಿ ಹಿಂದೆ ಬೀಳುತ್ತಾರೆ?

ಸೈಡಿಸ್ ಕಥೆ ಓದಿ ಎಲ್ಲ ಬಾಲಪ್ರತಿಭೆಗಳೂ ಹೀಗೇ ಎಂದುಕೊಂಡರೆ ಅದೂ ತಪ್ಪು ಲೆಕ್ಕ.

ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಹೆಚ್ಚು ಐಕ್ಯೂ ಇರುವ 1500ಕ್ಕೂ ಹೆಚ್ಚು ಮಕ್ಕಳನ್ನು ಆರಿಸಿ ಅವರ ಇಡೀ ಬದುಕನ್ನು ಹಿಂಬಾಲಿಸುವ ಅಧ್ಯಯನ ಶುರುಮಾಡಿದರು. ಅವರಲ್ಲಿ ಅನೇಕರು ವಕೀಲರು, ವೈದ್ಯರು, ಪ್ರಾಧ್ಯಾಪಕರಾಗಿ ಒಳ್ಳೆಯ ಬದುಕು ಕಟ್ಟಿಕೊಂಡರು. ನೊಬೆಲ್ ಮಾತ್ರ ಯಾರಿಗೂ ಬರಲಿಲ್ಲ. ತಮಾಷೆ ಎಂದರೆ ಟರ್ಮನ್ ಅವರ ಪರೀಕ್ಷೆಯಲ್ಲಿ ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರಿಗೆ ಬಂತು: ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಅಲ್ವಾರೆಜ್‌ಗೆ 1968ರಲ್ಲಿ. 1971ರಲ್ಲಿ ಜೂಲಿಯನ್ ಸ್ಟ್ಯಾನ್ಲಿ ಶುರುಮಾಡಿದ ಇನ್ನೊಂದು ಅಧ್ಯಯನ ಹದಿಮೂರರೊಳಗಿನ ಮಕ್ಕಳಿಗೆ ಕಾಲೇಜು ಪ್ರವೇಶದ ಪರೀಕ್ಷೆಯನ್ನೇ ಕೊಟ್ಟಿತು. ಹತ್ತು ಸಾವಿರಕ್ಕೊಬ್ಬರು ಎನ್ನುವಂಥ 320 ಮಂದಿಯನ್ನು ಮೂವತ್ತೆಂಟರ ಹೊತ್ತಿಗೆ ನೋಡಿದಾಗ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಜನ ಡಾಕ್ಟರೇಟ್ ಮಾಡಿದ್ದರು. ಮುಳುಗಿಹೋದವರ ಪಟ್ಟಿ ಇದಲ್ಲ.

ಚೆಸ್‌ನಲ್ಲಂತೂ ನಮ್ಮ ಕಣ್ಣೆದುರೇ ಉಂಟು. ಚೆನ್ನೈಯ ಗುಕೇಶ್ 2019ರಲ್ಲಿ ಹನ್ನೆರಡು ವರ್ಷ ಏಳು ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್, 2024ರ ಡಿಸೆಂಬರಿನಲ್ಲಿ ಹದಿನೆಂಟಕ್ಕೆ ವಿಶ್ವ ಚಾಂಪಿಯನ್. ಆದರೆ ಓಟ, ಈಜು, ಚೆಂಡಾಟಗಳ ಕಥೆ ಬೇರೆ. ಆರ್ನೆ ಗ್ಯುಲಿಶ್ ಮತ್ತು ಸಂಗಡಿಗರು 2021ರಲ್ಲಿ ಆರು ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳ ಮಾಹಿತಿ ಒಟ್ಟುಮಾಡಿ ನೋಡಿದರು. ಸಣ್ಣವರಿರುವಾಗ ಮಿಂಚಿದವರು ಒಂದೇ ಆಟಕ್ಕೆ ಬೇಗ ಅಂಟಿಕೊಂಡು ಬೇಗ ಮೇಲೇರಿದವರು. ದೊಡ್ಡವರಾಗಿ ವಿಶ್ವಮಟ್ಟಕ್ಕೆ ಹೋದವರು ಬಾಲ್ಯದಲ್ಲಿ ನಾಲ್ಕಾರು ಆಟ ಆಡಿ, ತಮ್ಮ ಮುಖ್ಯ ಆಟಕ್ಕೆ ತಡವಾಗಿ ಬಂದು, ಮೊದಮೊದಲು ನಿಧಾನಕ್ಕೆ ಬೆಳೆದವರು. ಹನ್ನೆರಡಕ್ಕೆ ಕಪ್ ಎತ್ತಿಸುವ ದಾರಿಯೂ ಇಪ್ಪತ್ತೆಂಟಕ್ಕೆ ಪದಕ ತರುವ ದಾರಿಯೂ ಒಂದೇ ಅಲ್ಲ.

ಕಸಿ ಗೇರಿನ ಮೊದಲ ಹೂವು

ಪುತ್ತೂರು, ಉಳ್ಳಾಲ ಕಡೆಯ ನರ್ಸರಿಗಳಿಂದ ಕಸಿ ಗೇರು ತಂದು ನೆಟ್ಟವರಿಗೆ ಇದು ಗೊತ್ತು. ಸೊಂಟದೆತ್ತರ ಬರುವ ಮೊದಲೇ ಗಿಡ ಹೂ ಬಿಡುತ್ತದೆ. ನೆಟ್ಟವನಿಗೆ ಖುಷಿಯೋ ಖುಷಿ. ಕೃಷಿ ಬಲ್ಲವರು ಮೊದಲ ಎರಡು ವರ್ಷ ಬಂದ ಹೂವನ್ನು ಚಿವುಟಿ ತೆಗೆಯಿರಿ, ಮೂರನೇ ವರ್ಷದಿಂದ ಕಾಯಿ ಬಿಡಿ ಎನ್ನುತ್ತಾರೆ. ಅಷ್ಟು ಸಣ್ಣ ಗಿಡ ಹೂ ಬಿಡುವುದು ಅದರ ಬುಡ ಬಲಿತಿದೆ ಎಂದಲ್ಲ. ಕಸಿ ಕಟ್ಟಿದ ಕಡ್ಡಿ ಫಲ ಕೊಡುವ ದೊಡ್ಡ ಮರದಿಂದ ಬಂದದ್ದು, ಹೂ ಬಿಡುವ ಬುದ್ಧಿ ಅದರಲ್ಲಿ ಆಗಲೇ ಇರುತ್ತದೆ. ಬೇರು ಮತ್ತು ಕಾಂಡ ಮಾತ್ರ ಎಳೆಯವು. ಕಾಯಿಗೆ ಹೋಗುವ ಸತ್ವವೆಲ್ಲ ಬೇರಿನ ಪಾಲಿನದ್ದು.

ಒಡಿಶಾದ ಬುಧಿಯಾ ಸಿಂಗ್ 2006ರಲ್ಲಿ, ನಾಲ್ಕನೇ ವಯಸ್ಸಿನಲ್ಲಿ, ಪುರಿ ಮತ್ತು ಭುವನೇಶ್ವರದ ನಡುವಿನ ದಾರಿಯಲ್ಲಿ 65 ಕಿಲೋಮೀಟರ್ ಓಡಿದ. ಏಳು ಗಂಟೆ. ಇಡೀ ದೇಶ ಟೀವಿಯಲ್ಲಿ ನೋಡಿತು. ಮಕ್ಕಳ ಮೂಳೆಯ ತುದಿಗಳಲ್ಲಿ ಬೆಳೆಯುವ ಮೃದುವಾದ ಪದರ ಇರುತ್ತದೆ, ಹದಿಹರೆಯದ ಕೊನೆಯ ಹೊತ್ತಿಗಷ್ಟೇ ಅದು ಗಟ್ಟಿಯಾಗುವುದು. ಸರ್ಕಾರ ಮಧ್ಯೆ ಬಂದು ಅಂಥ ಓಟಗಳನ್ನು ನಿಲ್ಲಿಸಿತು, ಹುಡುಗ ಕ್ರೀಡಾ ಹಾಸ್ಟೆಲಿಗೆ ಹೋದ. ದೊಡ್ಡವನಾದ ಮೇಲೆ ಮ್ಯಾರಥಾನಿನಲ್ಲಿ ಅವನ ಹೆಸರು ಕೇಳಿಬರಲಿಲ್ಲ.

ನಮ್ಮ ಯಕ್ಷಗಾನ ಮೇಳಗಳು ಹೂ ಚಿವುಟುವ ಈ ಕೆಲಸವನ್ನು ತಮಗೇ ಗೊತ್ತಿಲ್ಲದೆ ಮಾಡುತ್ತಿದ್ದವು ಎಂದು ನನಗೆ ಅನಿಸುವುದುಂಟು. ಮೇಳ ಸೇರಿದ ಹುಡುಗ ಎಷ್ಟೇ ಚುರುಕಾದರೂ ಮೊದಲು ಕಟ್ಟುವುದು ಕೋಡಂಗಿ ವೇಷ. ಸಂಜೆ ಆಟ ಶುರುವಾಗುವ ಮೊದಲು, ಜನ ಇನ್ನೂ ಕಡಲೆ ಕೊಳ್ಳುತ್ತಿರುವಾಗ, ಪೂರ್ವರಂಗದಲ್ಲಿ ಕುಣಿದು ಬರಬೇಕು. ತಾಳ ತಪ್ಪಿದರೆ ಚೆಂಡೆಯವರಿಗೆ ಗೊತ್ತಾಗುತ್ತದೆ, ಸಭೆಗಲ್ಲ. ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕಾ ಸ್ತ್ರೀವೇಷ, ವರ್ಷಗಳು ಕಳೆದು ಪುಂಡುವೇಷ, ಅಂದರೆ ಅಭಿಮನ್ಯುವಿನಂಥ ತರುಣ ವೀರರ ಪಾತ್ರ. ಉಳಿದ ರಾತ್ರಿಯೆಲ್ಲ ರಂಗದ ಬದಿಯಲ್ಲಿ ಕುಳಿತು ದೊಡ್ಡವರನ್ನು ನೋಡುವುದು, ನಿದ್ದೆ ಬಂದರೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಪೆಟ್ಟಿಗೆಯ ಪಕ್ಕ ಮಲಗುವುದು. ಸೋಲಲು ಅಷ್ಟೊಂದು ಜಾಗ ಇತ್ತು, ನೋಡುವ ಕಣ್ಣು ಕಡಿಮೆ ಇತ್ತು. ಈಗಿನ ಕಾಲಮಿತಿ ಆಟಗಳಲ್ಲಿ ಮೊದಲು ಕತ್ತರಿ ಬೀಳುವುದೇ ಪೂರ್ವರಂಗಕ್ಕೆ. ಟೀವಿ ಸ್ಪರ್ಧೆಯಲ್ಲಂತೂ ಮೂರೇ ತಿಂಗಳಲ್ಲಿ ಆಡಿಷನ್‌ನಿಂದ ಫೈನಲ್.

ಸ್ವರ ಒಡೆದಾಗ

ಇಷ್ಟಾದ ಮೇಲೆ ಕೆಳಗಿನ ಮನೆಯ ಹುಡುಗನ ವಿಷಯ.

ಹನ್ನೆರಡರಿಂದ ಹದಿನೈದರ ನಡುವೆ ಗಂಡುಮಕ್ಕಳ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಅದರೊಳಗಿನ ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ತಂತಿ ಉದ್ದವಾದರೆ ಸ್ವರ ಇಳಿಯುತ್ತದೆ, ವೀಣೆಯಲ್ಲಾದರೂ ಅಷ್ಟೇ. ಸುಮಾರು ಒಂದು ಸ್ಥಾಯಿಯಷ್ಟು ಕೆಳಗೆ. ಹೆಣ್ಣುಮಕ್ಕಳ ಸ್ವರವೂ ಇಳಿಯುತ್ತದೆ, ಆದರೆ ಎರಡು ಮೂರು ಸ್ವರಸ್ಥಾನ ಮಾತ್ರ, ಹೆಚ್ಚಿನವರಿಗೆ ತಿಳಿಯುವುದೂ ಇಲ್ಲ. ಗಿಡ್ಡ ಕೊಳಲಿನಲ್ಲಿ ಪಳಗಿದವನ ಕೈಗೆ ಒಂದು ಬೆಳಿಗ್ಗೆ ಉದ್ದದ ಕೊಳಲು ಕೊಟ್ಟರೆ ಹೇಗೆ? ರಾಗ ಗೊತ್ತು, ತಾಳ ಗೊತ್ತು, ಆದರೆ ತೂತುಗಳ ಅಂತರವೇ ಬೇರೆ. ಅಕ್ಕ ಕೇಳಿದ "ಇದ್ದದ್ದೆಲ್ಲ" ಎಲ್ಲಿಗೂ ಹೋಗಿಲ್ಲ. ಕೈಯಲ್ಲಿದ್ದ ವಾದ್ಯ ಬದಲಾಗಿದೆ, ಅದು ಪಳಗಲು ಒಂದೆರಡು ವರ್ಷ ಹಿಡಿಯುತ್ತದೆ. ಈ ನಡುವೆ ಹಳೆಯ ಎತ್ತರದಲ್ಲೇ ಹಾಡಿಸಿದರೆ ಗಂಟಲಿಗೆ ಪೆಟ್ಟು.

ಮೊನ್ನೆ ಸಂಜೆ ಅವನ ಪಾಠದ ಹೊತ್ತಿಗೆ ನಾನು ಅಲ್ಲಿದ್ದೆ. ಐದೂವರೆ ಶ್ರುತಿಯ ಎತ್ತರದಲ್ಲಿ ಹಾಡುತ್ತಿದ್ದ ಹುಡುಗ. ಸರಳೆ ವರಸೆಯ ಮೇಲಿನ ಸ ಹಿಡಿಯುವಾಗ ಸ್ವರ ಸೀಳಿತು, ಬಿದಿರು ಬಿರಿದ ಹಾಗೆ. ಅವನ ಮುಖ ಕೆಂಪಾಯಿತು, ನನ್ನ ಕಡೆ ನೋಡಲಿಲ್ಲ. ಸಂಗೀತದ ಟೀಚರ್ ಏನೂ ಹೇಳದೆ ಶ್ರುತಿಪೆಟ್ಟಿಗೆಯನ್ನು ಒಂದೂವರೆಗೆ ಇಳಿಸಿದರು. "ಬಾಯಿ ಮುಚ್ಚಿ ಗುನುಗು ಸಾಕು ಮಗಾ, ಕೆಳಗಿನ ಪ ಎಲ್ಲಿ ಉಂಟು ಅಂತ ಮೊದಲು ಹುಡುಕು." ಅರ್ಧ ಗಂಟೆ ಅಷ್ಟೇ ನಡೆಯಿತು. ಹುಡುಕಿದ. ಗಟ್ಟಿ ನೆಲಕ್ಕೆ ಕಾಲು ಸಿಕ್ಕಿದವನಂತೆ ಅಲ್ಲೇ ನಿಂತ.

ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದರು. ಅವರ ಫೋನಿನಲ್ಲಿ ಐದು ವರ್ಷದ ಹಿಂದಿನ ಆ ಟೀವಿ ವಿಡಿಯೊ ಇಟ್ಟಿರುತ್ತಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಈ ಸಲ ತೋರಿಸಲಿಲ್ಲ. "ಅದನ್ನು ಸ್ಟೇಟಸ್ಸಿಗೆ ಹಾಕಬೇಡ ಅಂತ ಹೇಳಿದ್ದಾನೆ," ಎಂದರು, ದನಿ ತಗ್ಗಿಸಿ. "ಹೊಸತು ಮಾಡಿದ ಮೇಲೆ ಹಾಕು ಅಂತ."